ಹೊಕ್ಕುಳಿಗೆ ಹಚ್ಚಿದ ವಿಜ್ಞಾನ

ನನ್ನ ಮಗಳ ಥೈರಾಯ್ಡ್ ಯಾಕೆ ಏರುಪೇರಾಯಿತು ಎಂಬುದು ಡಾಕ್ಟರಿಗೆ ತಿಳಿಯುವ ಮೊದಲೇ ನಮ್ಮ ಎರಡೂ ಮನೆಯವರಿಗೆ ತಿಳಿದಿತ್ತು. ಅವರೆಲ್ಲರಿಗಿಂತ ಹೆಚ್ಚು ನನಗೆ ತಿಳಿದಿತ್ತು. ಯಾಕೆಂದರೆ ನಾನು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು.

ಮೊದಲ ಹೆರಿಗೆ ತವರಿನಲ್ಲಿ, ಸಿಂಧನೂರಿನಲ್ಲಿ ಆಯಿತು. ಮಗು ಹುಟ್ಟಿ ಒಂದು ದಿನವೂ ತುಂಬಿರಲಿಲ್ಲ, ಅವ್ವ ಆಸ್ಪತ್ರೆಯ ಕ್ಯಾಲೆಂಡರ್ ನೋಡಿ ಗಾಬರಿಯಾದಳು. "ನಾಳೆ ಅಮಾಸಿ ಐತ್ರೀ. ಬಾಣಂತೀನ್ನ ಅಮಾಸಿ ದಿನ ಹೊರಗ ತರಬಾರ್ದು. ಇವತ್ತ ಮನೀಗೆ ಕಳಿಸಿಬಿಡ್ರಿ." ಥೈರಾಯ್ಡ್ ಪರೀಕ್ಷೆಗೆ ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆಯುವುದಿದೆ, ಎರಡು ದಿನ ಬಿಟ್ಟು ತೆಗೆದರೆ ಚೆನ್ನ ಎಂದರು ನರ್ಸ್. "ರಕ್ತ ಇವತ್ತೂ ಅದ ಇರ್ತೈತಿ, ನಾಳೆನೂ ಅದ ಇರ್ತೈತಿ. ಈಗ ತಗೊಳ್ರಿ" ಎಂದಳು ಅವ್ವ. ತೆಗೆದರು. ಹೊರಡುವಾಗ ನರ್ಸ್ ಇನ್ನೊಂದು ಮಾತು ಹೇಳಿದರು: "ಹೊಕ್ಕಳಕ್ಕ ಏನೂ ಹಚ್ಚಬ್ಯಾಡ್ರಿ. ತಾನ ಒಣಗ್ತೈತಿ." ಇದು ಓದುಬರಹ ಇಲ್ಲದವರಿಗೆ ಹೇಳುವ ಮಾತು ಎಂದುಕೊಂಡು ನಾನು ತಲೆಯಾಡಿಸಿದೆ.

ಮೂರನೇ ದಿನ ಫೋನ್ ಬಂತು. ಮಗುವಿನ ಟಿಎಸ್ಎಚ್, ಅಂದರೆ ಥೈರಾಯ್ಡ್ ಗ್ರಂಥಿಯನ್ನು ದುಡಿಸುವ ಹಾರ್ಮೋನು, ಜಾಸ್ತಿ ಇದೆ. ಮಕ್ಕಳ ಡಾಕ್ಟರು ಸಮಾಧಾನವಾಗಿಯೇ ವಿವರಿಸಿದರು. ಹುಟ್ಟಿದ ಕೂಡಲೇ ಎಲ್ಲ ಮಕ್ಕಳಲ್ಲೂ ಅದು ಏರುತ್ತದೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ, ನೀವು ಅವಸರ ಮಾಡಿದಿರಿ, ಆರನೇ ದಿನ ಮತ್ತೆ ನೋಡೋಣ. ಆಮೇಲೆ ದನಿ ತಗ್ಗಿಸಿ, ನಿಜವಾಗಿಯೂ ಥೈರಾಯ್ಡ್ ಕೊರತೆ ಇದ್ದರೆ ಮೊದಲ ಎರಡು ವಾರದೊಳಗೇ ಮಾತ್ರೆ ಶುರುವಾಗಬೇಕು, ತಡವಾದರೆ ಮಗುವಿನ ಬುದ್ಧಿ ಬೆಳೆಯುವುದಿಲ್ಲ ಎಂದರು. ಆ ಕೊನೆಯ ಮಾತು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು.

ಸುದ್ದಿ ವಾಟ್ಸ್ಯಾಪಿಗೆ ಹೋಯಿತು. ಸಿಂಧನೂರಿನ ಕಾಲುವೆ ನೀರೇ ಕಾರಣ ಎಂದು ಮಸ್ಕಿಯ ನನ್ನ ಅತ್ತೆಮನೆಯವರು ತೀರ್ಪು ಕೊಟ್ಟರು. ಗ್ರಹಣದಲ್ಲಿ ನಾನು ಈಳಿಗೆ ಮುಟ್ಟಿದ್ದೇ ಕಾರಣ ಎಂದು ಅಪ್ಪನ ತಂಗಿ ನೆನಪಿಸಿದಳು. ಆ ವರ್ಷ ನಮಗೆ ಗ್ರಹಣವೇ ಕಂಡಿರಲಿಲ್ಲ, ಆದರೂ ಮುಟ್ಟಿದ್ದೆನಂತೆ.

ನಾನು ಎಲ್ಲರ ಬಾಯಿ ಮುಚ್ಚಿಸಿದೆ. ಕಾರಣ ಅಯೋಡಿನ್! ಮಸ್ಕಿಯ ಮನೆಯಲ್ಲಿ ಅತ್ತೆ ಪಾಕೀಟು ಉಪ್ಪನ್ನು ಒಳಗೆ ಬಿಡುತ್ತಿರಲಿಲ್ಲ. "ಅದು ಬರೇ ಪೌಡರ್ ಬೇ, ಉಪ್ಪಲ್ಲ" ಎಂದು ಗಾಡಿಯವನ ಹತ್ತಿರ ಕಲ್ಲುಪ್ಪು ಕೊಳ್ಳುತ್ತಿದ್ದರು. ಬಸುರಿಯಾಗಿ ಏಳು ತಿಂಗಳು ಅದನ್ನೇ ಉಂಡಿದ್ದೆ. ಅತ್ತೆಗೆ ಫೋನ್ ಮಾಡಿ, ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ, ತಾಯಿಗೆ ಅಯೋಡಿನ್ ಸಾಲದಿದ್ದರೆ ಹುಟ್ಟುವ ಮಗುವಿನ ಥೈರಾಯ್ಡ್ ಸೊರಗುತ್ತದೆ ಎಂದು ಪಾಠ ಮಾಡಿದೆ. ಅತ್ತೆ ಸಣ್ಣ ದನಿಯಲ್ಲಿ "ಹಂಗೇನವ್ವಾ" ಎಂದರು. ನನಗೆ ಗೆದ್ದಷ್ಟು ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ?

ಇತ್ತ ಹೊಕ್ಕುಳಿನ ಯುದ್ಧ ಬೇರೆ. ಅವ್ವನ ಅಕ್ಕ, ನನ್ನ ದೊಡ್ಡವ್ವ, ಹಚ್ಚಲೆಂದು ಹರಳೆಣ್ಣೆ ಕಾಸಿ ತಂದಳು. ನಾನು ಬಟ್ಟಲು ಕಿತ್ತುಕೊಂಡೆ. ನನ್ನ ಹೊಲಿಗೆಗೆಂದು ಆಸ್ಪತ್ರೆಯವರು ಕೊಟ್ಟಿದ್ದ ಕಂದು ಬಣ್ಣದ ಔಷಧಿಯನ್ನು ಹತ್ತಿಯಲ್ಲಿ ಅದ್ದಿ ಮಗುವಿನ ಹೊಕ್ಕುಳಿಗೆ ದಿನಕ್ಕೆ ಮೂರು ಸಲ, ಸುತ್ತ ಹೊಟ್ಟೆಗೂ ಒಂದಿಷ್ಟು ಸೇರಿಸಿ ಹಚ್ಚಿದೆ. "ಇದಕ್ಕ ವಿಜ್ಞಾನ ಅಂತಾರ ನೋಡು ದೊಡ್ಡವ್ವ" ಎಂದೆ.

ಐದನೇ ದಿನ ಅತ್ತೆ ಮಸ್ಕಿಯಿಂದ ಬಸ್ಸು ಹಿಡಿದು ಬಂದರು. ಅವತ್ತು ಶೆಟವಿ ತಾಯಿ ಬಂದು ಮಗುವಿನ ಹಣೆಬರಹ ಬರೆಯುತ್ತಾಳೆ ಎಂದು ಪೂಜೆ ಮಾಡಿ, ಹಾಸಿಗೆಯ ಪಕ್ಕ ಪೆನ್ನು ಮತ್ತು ನೋಟ್‌ಬುಕ್ ಇಟ್ಟರು. "ಟಿಎಸ್ಎಚ್ ಎಷ್ಟು ಅಂತನೂ ಬರದು ಹೋಗ್ಲಿ ಬಿಡ್ರಿ" ಎಂದು ನಾನು ಚುಚ್ಚಿದೆ. ಅತ್ತೆ ನೋಟ್‌ಬುಕ್ಕಿನ ಖಾಲಿ ಹಾಳೆ ತೆಗೆದಿಟ್ಟರು.

ಆರನೇ ದಿನದ ರಿಪೋರ್ಟ್ ಬಂತು. ಟಿಎಸ್ಎಚ್ ಇಳಿದಿರಲಿಲ್ಲ. ಅತ್ತೆಯೂ ನಾನೂ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ದಿನ ತುಂಬಿ ಹುಟ್ಟಿದ್ದಾ, ತೂಕ ಎಷ್ಟು, ತಾಯಿಗೆ ಥೈರಾಯ್ಡ್ ಇದೆಯಾ, ಬಸುರಿಯಿದ್ದಾಗ ಯಾವ ಮಾತ್ರೆ ತಗೊಂಡಿದ್ದಿರಿ ಎಂದು ಡಾಕ್ಟರು ಒಂದೊಂದೇ ಕೇಳಿದರು. ನಾನು ಉಪ್ಪಿನ ಕಥೆ ತೆಗೆಯುವಷ್ಟರಲ್ಲಿ ಅವರು ಮಗುವಿನ ಅಂಗಿ ಎತ್ತಿದರು. ಹೊಟ್ಟೆಯೆಲ್ಲ ಕಂದು.

"ಇದೇನು ಹಚ್ಚೀರಿ?"

"ಹಳ್ಳಿ ಮದ್ದು ಅಲ್ರೀ ಸರ್" ಎಂದು ಹೆಮ್ಮೆಯಿಂದ ಚೀಲದೊಳಗಿನ ಬಾಟಲಿ ತೆಗೆದುಕೊಟ್ಟೆ.

"ಇದರ ಮ್ಯಾಲ ಏನು ಬರದೈತಿ, ನೀವ ಓದ್ರಿ ಟೀಚರ್ರೇ."

ಓದಿದೆ. ಪೊವಿಡೋನ್ ಅಯೋಡಿನ್. ಎಳೆಯ ಚರ್ಮ ಅದನ್ನು ಹೀರಿಕೊಳ್ಳುತ್ತದೆ, ಅಯೋಡಿನ್ ಅತಿಯಾದರೂ ಆ ಪುಟ್ಟ ಗ್ರಂಥಿ ಕೆಲಸ ನಿಲ್ಲಿಸಿಬಿಡುತ್ತದೆ ಎಂದರು ಡಾಕ್ಟರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನಗಾಗಿಯೇ ಹುಟ್ಟಿದಂತಿತ್ತು. ಸದ್ಯ ಥೈರಾಯ್ಡ್ ಹಾರ್ಮೋನು ಮಾತ್ರ ಸರಿಯಾಗಿದೆ, ಇದನ್ನು ನಿಲ್ಲಿಸಿ, ವಾರಕ್ಕೆ ಮತ್ತೆ ನೋಡೋಣ, ಆಗಲೂ ಇಳಿಯದಿದ್ದರೆ ಅವತ್ತೇ ಮಾತ್ರೆ ಎಂದರು ಡಾಕ್ಟರು.

ಆ ವಾರ ನನಗೆ ಊಟ ಸೇರಲಿಲ್ಲ. ಮಗು ಮಲಗಿದರೆ ಯಾಕಿಷ್ಟು ಮಲಗಿದೆ ಎಂದು ಎಬ್ಬಿಸಿದೆ, ಅತ್ತರೆ ಥೈರಾಯ್ಡ್ ಕೊರತೆಯ ಮಕ್ಕಳ ಹಾಗೆ ದನಿ ಗೊಗ್ಗರಾಗಿದೆಯಾ ಎಂದು ಕಿವಿಯಿಟ್ಟು ಕೇಳಿದೆ. ನನ್ನ ಮಗಳ ಬುದ್ಧಿಯನ್ನು ನನ್ನ ಬುದ್ಧಿವಂತಿಕೆಯೇ ತಿಂದಿತೇನೋ ಎಂಬ ಭಯಕ್ಕೆ ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತೆ. ಅತ್ತೆ ಮಸ್ಕಿಗೆ ಹೋಗದೆ ಅಲ್ಲೇ ಉಳಿದರು. ಬಾಟಲಿಯ ಮಾತು ಒಮ್ಮೆಯೂ ಎತ್ತಲಿಲ್ಲ. ಎತ್ತಿ ಎರಡು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ವಾರ ಕಳೆದ ಮೇಲಿನ ರಿಪೋರ್ಟ್ ಸರಿಯಾಗಿ ಬಂತು. ಮಾತ್ರೆ ಬೇಕಾಗಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಮಸ್ಕಿಯ ಓಣಿಯ ಹೆಂಗಸರೆಲ್ಲ ಬಂದಿದ್ದರು. "ಕೂಸಿಗೆ ಏನಾಗಿತ್ತಬೇ, ಏನು ಕಾರಣಂತ?" ಎಂದು ಒಬ್ಬಾಕೆ ನನ್ನನ್ನೇ ಕೇಳಿದಳು. ನನಗಿಂತ ಮೊದಲು ಅತ್ತೆ ಬಾಯಿ ತೆರೆದರು.

"ನಮ್ಮನಿ ಕಲ್ಲುಪ್ಪಿನಿಂದ ಆಗಿತ್ತವ್ವಾ. ನಂದ ತಪ್ಪು. ಸೊಸಿ ಮೊದಲ ಹೇಳಿದ್ಳು, ನಾನ ಕೇಳಿಲ್ಲ."

ಹೆಂಗಸರು ಅತ್ತೆಯ ಕಡೆ ತಿರುಗಿ ಲೊಚಗುಟ್ಟಿದರು. ನಾನು ಬಗ್ಗಿ ಮಗಳ ಕುಲಾಯಿ ಸರಿಮಾಡಿದೆ, ಅದು ಸರಿಯಾಗಿಯೇ ಇತ್ತು.

ಮಗಳಿಗೀಗ ನಾಲ್ಕು ವರ್ಷ, ಬಾಯಿ ಮುಚ್ಚುವುದಿಲ್ಲ. ಮಸ್ಕಿಯ ಓಣಿಯಲ್ಲಿ ಅವಳನ್ನು ಕಂಡವರು ಇವತ್ತಿಗೂ ಅತ್ತೆಯ ಉಪ್ಪಿನ ಮಾತು ತೆಗೆದು ನಗುತ್ತಾರೆ. ಅತ್ತೆಯೂ ನಗುತ್ತಾರೆ. ವಿಜ್ಞಾನದ ಟೀಚರಾದ ನಾನು ಇನ್ನೂ ಬಾಯಿ ಬಿಟ್ಟಿಲ್ಲ.