ಭರಮಮ್ಮ ಇಳಿದ ಏರು

ಕೊಟ್ಟೂರಿನ ನಮ್ಮ ಓಣಿಯ ಭರಮಮ್ಮ ಯಾರ ಮದುವೆಯಲ್ಲೂ ಹೊತ್ತಿಗೆ ಸರಿಯಾಗಿ ಅಕ್ಕಿಕಾಳು ಹಾಕಿದವಳಲ್ಲ. ಅವಳು ಮುಟ್ಟುವಷ್ಟರಲ್ಲಿ ಜನ ಊಟಕ್ಕೆ ಕೂತಿರುತ್ತಿದ್ದರು. ತಪ್ಪು ಅವಳದಲ್ಲ, ಗಂಡ ಓಬಳೇಶಪ್ಪನ ಸ್ಕೂಟರಿನದು.

ಆಗ ಯಾವ ಕಾರ್ಖಾನೆ ಎಷ್ಟು ಗಾಡಿ ಮಾಡಬೇಕೆಂದು ಸರ್ಕಾರವೇ ಗೆರೆ ಎಳೆದಿತ್ತು. ಬುಕ್ ಮಾಡಿದಾಗ ತೊಟ್ಟಿಲಲ್ಲಿದ್ದ ಮಗ, ಸ್ಕೂಟರ್ ಬಂದ ದಿನ ತಾನೇ ಅದಕ್ಕೆ ಕುಂಕುಮ ಹಚ್ಚಿದ. ಅಷ್ಟು ಕಾಯಿಸಿ ಬಂದ ಮಹಾರಾಯನಿಗೆ ಏರು ಕಂಡರೆ ಉಬ್ಬಸ! ಕೊಳ್ಳುವವನಿಗೆ ಬೇರೆ ಗತಿಯಿಲ್ಲದಾಗ ಮಾಡುವವನು ಯಾಕೆ ಮೈ ಬಗ್ಗಿಸುತ್ತಾನೆ? ಬಗ್ಗಿಸಿದವಳು ಭರಮಮ್ಮ. ಏರು ಬಂತೆಂದರೆ ಗಂಡ ಹೇಳುವ ಮೊದಲೇ ಜಿಗಿದು, ಸೆರಗು ಸಿಕ್ಕಿಸಿ, ಹಿಂದಿನಿಂದ ನೂಕುತ್ತಿದ್ದಳು.

ಎಂಬತ್ತೈದರ ಸುಮಾರಿಗೆ ಸರ್ಕಾರ ಬಿಗಿ ಸಡಿಲಿಸಿತು. ಜಪಾನಿನ ಎಂಜಿನ್ನಿನ ಬೈಕುಗಳು ಬಂದವು. ಓಬಳೇಶಪ್ಪ ಒಂದನ್ನು ತಂದೇಬಿಟ್ಟ. ಅದೇ ತಿಂಗಳು ಕಾನಹೊಸಹಳ್ಳಿಯಲ್ಲಿ ಭರಮಮ್ಮನ ತಂಗಿ ಪಕ್ಕೀರಮ್ಮನ ಮಗನ ಮದುವೆ.

"ಇಲ್ಲಿ ಅಕ್ಕಸಾಲಿಗ ಮಾಡಿದ ತಾಳಿ ನಾನೇ ತರ್ತೀನಿ. ಈ ಸಲ ಅಕ್ಕಿಕಾಳು ಹಾಕೇ ಹಾಕ್ತೀನಿ," ಎಂದು ಭರಮಮ್ಮ ಹಟ ಹಿಡಿದಳು.

"ತಡಾ ಮಾಡಿದ್ರ ನಿನ್ನ ಅಕ್ಕ ಅನ್ನಂಗಿಲ್ಲ ನೋಡು," ಎಂದಳು ಕರೆಯಲು ಬಂದಿದ್ದ ತಂಗಿ.

ತಾಳಿಯನ್ನು ಸೊಂಟದ ಎಲೆಯಡಿಕೆ ಸಂಚಿಯಲ್ಲಿಟ್ಟು ಭರಮಮ್ಮ ಬೈಕು ಹತ್ತಿದಳು. ಗಾಡಿ ಹಾರಿತು. ಹೆಂಗಸು ಚಿಕ್ಕ ಹುಡುಗಿಯಂತೆ ಕೇಕೆ ಹಾಕಿದಳು. ಒಂದು ಏರಿನ ಬುಡದಲ್ಲಿ ಕುರಿಹಿಂಡು ಅಡ್ಡ ಬಂದು ಬೈಕು ನಿಧಾನವಾಯಿತು. ಇಷ್ಟು ವರ್ಷದ ರೂಢಿ ಕೇಳೀತೇ? ಜಿಗಿದಳು, ಸೆರಗು ಸಿಕ್ಕಿಸಿದಳು, ಎರಡೂ ಕೈ ಚಾಚಿ ಬಗ್ಗಿದಳು. ನೂಕಲು ಅಲ್ಲಿ ಗಾಡಿಯೇ ಇರಲಿಲ್ಲ! ಓಬಳೇಶಪ್ಪ, "ನೋಡಿದ್ಯಾ ಭರಮೀ, ಏರು ಗೊತ್ತಾಗಂಗೇ ಇಲ್ಲ," ಎನ್ನುತ್ತ ದಿಬ್ಬದಾಚೆ ಹೋಗಿದ್ದ.

ಹಂದರದ ಮುಂದೆ ಗಾಡಿ ನಿಲ್ಲಿಸಿ, ಹೆಮ್ಮೆಯಿಂದ ಹಿಂದೆ ತಿರುಗಿದವನ ಮುಖ, ಬಸ್ಸಿನಲ್ಲಿ ಮೊದಲೇ ಹೋಗಿದ್ದ ನಾನು ಕಣ್ಣಾರೆ ನೋಡಿದೆ. ಇವತ್ತಿಗೂ ನೆನೆದರೆ ಊಟ ನೆತ್ತಿಗೇರುತ್ತದೆ.

"ತಾಳಿ ಎಲ್ಲೈತ್ರಿ?" ಎಂದರು ಮದುವೆ ಮಾಡಿಸಲು ಬಂದ ವೀರಭದ್ರಯ್ಯನವರು.

"ಆಕಿ ಹತ್ರ ಐತ್ರಿ."

"ಆಕಿ ಎಲ್ಲದಾಳ?"

ಓಬಳೇಶಪ್ಪ ಬಂದ ದಾರಿಗೇ ಗಾಡಿ ತಿರುಗಿಸಿದ.

ಅಯ್ಯನವರು ಮಂತ್ರವನ್ನು ಎಳೆದೆಳೆದು ಹೇಳಿದರು. ಗಂಡ ಹೆಂಡತಿ ಬಂದಾಗ ಭರಮಮ್ಮ ಹೊಟ್ಟೆ ಹಿಡಿದು ನಗುತ್ತಿದ್ದಳು. ಬೈಯಲೆಂದೇ ಬಾಗಿಲಲ್ಲಿ ನಿಂತಿದ್ದ ಪಕ್ಕೀರಮ್ಮ ವಿಷಯ ಕೇಳಿ ತಾನೂ ನಕ್ಕು ನಕ್ಕು ಕಂಬ ಹಿಡಿದಳು. ಆಮೇಲೆ ಅಕ್ಕನ ಬೊಗಸೆಗೆ ಅಕ್ಕಿ ಸುರಿದಳು.

"ನೀ ಬರದ ಮದುವಿ ಆಗಂಗಿಲ್ಲ ಬಿಡವ್ವಾ. ಮೊದಲು ನೀನೇ ಹಾಕು."

ತಾಳಿ ಕಟ್ಟುವಾಗ ಭರಮಮ್ಮನ ನಗು ನಿಂತಿತು. ಕಣ್ಣು ತುಂಬಿ, ಎದುರಿದ್ದ ಮದುಮಕ್ಕಳು ಕಾಣದೆ, ಅಕ್ಕಿಕಾಳನ್ನೆಲ್ಲ ಗಂಡನ ತಲೆಯ ಮೇಲೆ ಹಾಕಿದಳು.