ಅವರಿಬ್ಬರ ಕೋಣೆ

ಅಥವಾ ಹಳೆಯ ಓಣಿಯ ಆ ಬಾಗಿಲು ಹಸಿರು ಬಣ್ಣದ್ದಾಗಿರಲೇ ಇಲ್ಲವೇನೋ. ಈ ಕಥೆ ಹೇಳಿದಾಗೆಲ್ಲ ನಾನು ಅದಕ್ಕೊಂದು ಹೊಸ ಬಣ್ಣ ಬಳಿಯುತ್ತೇನೆ. ಅದಕ್ಕೆ ಎರಡು ಕೀಲಿ, ಅಂದರೆ ಬೀಗ, ಹಾಕುತ್ತಿದ್ದರು ಎಂಬುದು ಮಾತ್ರ ನಿಜ. ಅಷ್ಟನ್ನು ನಂಬಿ ಮುಂದೆ ಬನ್ನಿ.

ನೆನಪಾದದ್ದು ನಿನ್ನೆ, ಹುಮನಾಬಾದಿನ ನಮ್ಮ ಮನೆಯಲ್ಲಿ, ನಸೀಮಾ ಟೀಚರು ಮೇಜಿನ ಮೇಲೆ ಒಂದು ಹೊಸ ಕೀಲಿ ಇಟ್ಟಾಗ. ಅದಕ್ಕಿನ್ನೂ ಅಂಗಡಿಯ ಎಣ್ಣೆಯ ವಾಸನೆಯಿತ್ತು. ನಮ್ಮ ಬಡಾವಣೆಯ ಸಂಘಕ್ಕೆ ಕೋಣೆಯೊಂದು ಸಿಕ್ಕಿದೆ, ಉದ್ಘಾಟನೆಯ ಕಾರ್ಡು ಅಚ್ಚಾಗಬೇಕು. ಸಂಘ ನಡೆಸುವವರು ಇಬ್ಬರು: ಇವರು, ಮತ್ತು ಪಕ್ಕದ ಮನೆಯ ಮಾಣಿಕರಾವ್.

"ಸರ್, ಅವರ ಹೆಸರಿನ ಮುಂದ ಅಧ್ಯಕ್ಷರು ಅಂತ ಹಾಕ್ಯಾರ. ನನಗ ಏನ್ ಹಾಕೂದ್ರಿ? ಉಪ ಅಂದ್ರ ನಾ ಕಾರ್ಯಕ್ರಮಕ್ಕ ಬರಂಗಿಲ್ಲ, ಈಗೇ ಹೇಳ್ತೀನಿ."

ನಾನು ಏನೋ ಬರೆಯುವವನು, ಹಾಗಾಗಿ ಮನೆಯಲ್ಲಿ ಶಬ್ದಗಳ ದಾಸ್ತಾನು ಇರುತ್ತದೆ ಎಂದು ಓಣಿಯ ನಂಬಿಕೆ. ಸಹ ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಗೌರವಾಧ್ಯಕ್ಷರು ಎಂದು ಒಂದೊಂದೇ ಬಿಚ್ಚಿ ತೋರಿಸಿದೆ. ಸೀರೆ ಅಂಗಡಿಯಲ್ಲಿ ಕೂತವರ ಹಾಗೆ ಎಲ್ಲವನ್ನೂ ನೋಡಿ ಪಕ್ಕಕ್ಕೆ ಸರಿಸಿದರು.

ಹಿರಿತನಕ್ಕೆ ನಮ್ಮ ಕಡೆ ಶಬ್ದಗಳಿಗೇನೂ ಕೊರತೆಯಿಲ್ಲ. ಊರಿಗೆ ಪಾಟೀಲ, ಜಮಾತಿಗೆ ಸದರ್, ಕಬ್ಬು ಕಡಿಯುವವರಿಗೆ ಮುಕದ್ದಮ, ಹಳ್ಳಿಖೇಡದ ಕಡೆ ಹೋದರೆ ಚೇರ್ಮನ್ರು. ಆದರೆ ಪ್ರತಿ ಶಬ್ದದ ಕೆಳಗೂ ಒಂದೇ ಕುರ್ಚಿ. ಎರಡನೆಯವರು ಬಂದರೆ ಮೂಲೆಯಿಂದ ಸ್ಟೂಲು ಎಳೆದು ಹಾಕಿ ಅದಕ್ಕೆ 'ಉಪ' ಎನ್ನುತ್ತೇವೆ.

ಬಸವಕಲ್ಯಾಣದ ನಮ್ಮ ಹಳೆಯ ಓಣಿಯಲ್ಲಿ ಇದಕ್ಕೊಂದು ಪರಿಹಾರವಿತ್ತು. ಮದುವೆ, ಮುಂಜಿಗಳಿಗೆಂದು ಓಣಿಯವರೆಲ್ಲ ಕೂಡಿ ಮಾಡಿಸಿದ ಅಡುಗೆ ಪಾತ್ರೆಗಳು ಒಂದು ಕೋಣೆಯಲ್ಲಿದ್ದವು. ಬಾಗಿಲಿಗೆ ಎರಡು ಕೀಲಿ. ಒಂದರ ಚಾವಿ ಗಂಗಮ್ಮನ ಸೊಂಟದಲ್ಲಿ, ಇನ್ನೊಂದು ಖೈರುನ್‌ಬಿಯ ಸೆರಗಿನ ತುದಿಯಲ್ಲಿ. ಪಾತ್ರೆ ಬೇಕಾದವರು ಇಬ್ಬರನ್ನೂ ಒಪ್ಪಿಸಬೇಕು. ಅವರಿಗೆ ಯಾವ ಪದವಿಯೂ ಇರಲಿಲ್ಲ; ಜನ 'ಅವ್ರಿಬ್ರು' ಎನ್ನುತ್ತಿದ್ದರು. ಗಂಗಮ್ಮ ಒಬ್ಬಳೇ ಬರುತ್ತಿದ್ದರೂ "ಅವ್ರಿಬ್ರು ಬಂದ್ರು ನೋಡು" ಎಂದು ಕಟ್ಟೆಯ ಮೇಲಿನವರು ಸರಿದು ಜಾಗ ಬಿಡುತ್ತಿದ್ದರು.

ನಾನಾಗ ಡಿಗ್ರಿ ಓದುತ್ತಿದ್ದೆ, ಎಲ್ಲದರ ಮೇಲೂ ಅಭಿಪ್ರಾಯವಿಟ್ಟುಕೊಂಡಿದ್ದೆ. ನಮ್ಮ ಸರೋಜಾ ಚಿಕ್ಕಮ್ಮ ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದಳು. ರಾಜೇಶ್ವರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವರೊಬ್ಬರು ಅವಳನ್ನು ಮದುವೆಯಾಗಲು ಮುಂದೆ ಬಂದರು. ಇಂಥ ಮರುಮದುವೆಗೆ ಉಡಿಕಿ ಎನ್ನುತ್ತಾರೆ. ಸದ್ದಿಲ್ಲದೆ ಮನೆಯೊಳಗೆ ಮುಗಿಸುವುದು ರೂಢಿ. ಅವ್ವ ಒಪ್ಪಲಿಲ್ಲ. ತಂಗಿಯ ಮದುವೆಗೆ ಓಣಿಯೆಲ್ಲ ಕೂತು ಹುಗ್ಗಿ ಉಣ್ಣಬೇಕು, ಕೋಣೆಯ ದೊಡ್ಡ ಡೇಗು ಇಳಿಯಬೇಕು ಎಂದಳು. ಡೇಗಿನಂಥ ತಾಮ್ರದ ಪಾತ್ರೆ ಬಾಡಿಗೆಗೆ ಬೇರೆಡೆಯೂ ಸಿಗುತ್ತಿತ್ತು. ಓಣಿಯ ಒಪ್ಪಿಗೆ ಬಾಡಿಗೆಗೆ ಸಿಗುತ್ತಿರಲಿಲ್ಲ.

ಅವ್ವ, ನಾನು, ತಳ್ಳುಗಾಡಿ ಹೋಗಿ ಕೋಣೆಯ ಮುಂದೆ ನಿಂತೆವು. ವಿಧವಾ ವಿವಾಹದ ಬಗ್ಗೆ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಯಾರೂ ಕೇಳಲಿಲ್ಲ.

"ಉಡಿಕಿ ಅಂದ್ರ ನಾಕ್ ಮಂದಿ ಕೂತು ಮುಗಸೂದು," ಎಂದಳು ಗಂಗಮ್ಮ. "ಅದಕ್ಕ್ಯಾಕ ಡೇಗು? ನನ್ನ ಚಾವಿ ಬರಂಗಿಲ್ಲ."

ಖೈರುನ್‌ಬಿ ಆಗಲೇ ತನ್ನ ಕೀಲಿ ತೆಗೆದಿದ್ದಳು. "ಬ್ಯಾಡಂದ್ರ ಬ್ಯಾಡ. ಆದ್ರ ಬೀದ್ಯಾಗ ನಿಂತು ಒಲ್ಲೆ ಅನ್ನಾಂಗಿಲ್ಲ ಗಂಗೂ. ಕೋಣಿ ತೆಗಿ, ಒಳಗ ಬಂದು ಅನ್ನು."

"ಇದು ಯಾವಾಗಿನ ಕಾಯ್ದೆ?"

"ನಾವಽ ಮಾಡಿದ್ದು. ನೀ ಮರ್ತಿ."

ಅಂಥ ಕಾಯ್ದೆ ನಿಜಕ್ಕೂ ಇತ್ತೋ, ಖೈರುನ್‌ಬಿ ನಿಂತಲ್ಲೇ ಹುಟ್ಟಿಸಿದಳೋ ತಿಳಿಯದು. ಗಂಗಮ್ಮ ಗೊಣಗುತ್ತ ಕೀಲಿ ತೆಗೆದಳು. ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು.

ಗಂಗಮ್ಮನೂ ಹಿಂದೊಮ್ಮೆ ಗಂಡನನ್ನು ಕಳೆದುಕೊಂಡವಳು, ಒಳಗೆ ಆ ಗಾಯ ಬಿಚ್ಚಿಕೊಂಡಿತು ಎಂದು ಬರೆದರೆ ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ! ಒಂದೆರಡು ಸಲ ಹಾಗೆ ಹೇಳಿಯೂ ಇದ್ದೇನೆ. ಆದರೆ ಅವಳ ಒಬ್ಬನೇ ಗಂಡ ಆ ಹೊತ್ತು ಎದುರಿನ ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತ ಕೂತಿದ್ದ. "ಇವ್ರು ಒಳಗ ಹೊಕ್ಕರಂದ್ರ ನನಗ ಇವತ್ತ ರೊಟ್ಟಿ ಇಲ್ಲ," ಎಂದ. ಅವ್ವ ನಗಲಿಲ್ಲ. ತಳ್ಳುಗಾಡಿಯ ಅಂಚು ಬಿಗಿಯಾಗಿ ಹಿಡಿದುಕೊಂಡಿದ್ದಳು. ಎಲ್ಲದಕ್ಕೂ ಒಬ್ಬರೇ ಹಿರಿಯರಿದ್ದು, ಅವರಿಗೆ ನಾನು ಭಾಷಣ ಮಾಡುವಂತಿದ್ದರೆ ಈ ಕೆಲಸ ಎಂದೋ ಮುಗಿಯುತ್ತಿತ್ತು ಎಂದುಕೊಂಡೆ. ಒಬ್ಬರೇ ಇದ್ದು, ಅವರು ಗಂಗಮ್ಮನೇ ಆಗಿದ್ದರೆ ಹೇಗೆ ಮುಗಿಯುತ್ತಿತ್ತು ಎಂದು ಹೊಳೆಯಲಿಲ್ಲ.

ಬಾಗಿಲು ತೆರೆಯಿತು. ಡೇಗಿನ ಒಂದು ಹಿಡಿಬಳೆ ಗಂಗಮ್ಮನ ಕೈಯಲ್ಲಿ, ಇನ್ನೊಂದು ಖೈರುನ್‌ಬಿಯ ಕೈಯಲ್ಲಿ. ಗಾಡಿಯ ಮೇಲಿಟ್ಟು ಗಂಗಮ್ಮ ಅವ್ವನಿಗೆ ಹೇಳಿದಳು: "ಹುಗ್ಗಿಗೆ ಬೆಲ್ಲ ಕಮ್ಮಿ ಮಾಡಬ್ಯಾಡ ತಂಗಿ. ಓಣಿ ಮಂದಿ ಉಣ್ಣಾಕ ಬರಾಕತ್ತಾರ." ಗೆದ್ದವಳ ಮುಖ ಹೇಗಿದೆಯೋ ಎಂದು ಖೈರುನ್‌ಬಿಯ ಕಡೆ ನೋಡಿದೆ. ಅವಳು ಡೇಗಿನೊಳಗಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಯಾರು ಯಾರ ಮಾತು ಕೇಳಿದರು ಎಂಬ ಗುರುತನ್ನು ಅವರಿಬ್ಬರೂ ಹೊರಗೆ ತಂದಿರಲಿಲ್ಲ. ಅಂಥ ದೊಡ್ಡತನವನ್ನು ನಾನು ಆಮೇಲೆ ಯಾವ ವೇದಿಕೆಯ ಮೇಲೂ ಕಂಡಿಲ್ಲ.

ಚಿಕ್ಕಮ್ಮ ಮದುವೆಯ ದಿನ ಎರಡನೇ ಸಲ ಹುಗ್ಗಿ ಹಾಕಿಸಿಕೊಂಡಳು. ಅಂದು ಕೈ ತೊಳೆಯುವಲ್ಲಿ ಖೈರುನ್‌ಬಿ ಸಿಕ್ಕಾಗ, "ಒಳಗ ಏನಂದ್ರಿ ಖಾಲಾ?" ಎಂದೆ. "ಗಂಗೂನ್ನ ಕೇಳು." ಗಂಗಮ್ಮನನ್ನು ಕೇಳಿದೆ. "ಖೈರೂನ್ನ ಕೇಳು." ಈಗ ಇಬ್ಬರೂ ಇಲ್ಲ.

ಇಷ್ಟನ್ನೂ ನಸೀಮಾ ಟೀಚರಿಗೆ ಹೇಳಿ, "ಕಾರ್ಡಿನಾಗ ಬರೇ ಹೆಸರು ಹಾಕ್ರಿ, ಕೋಣಿಗೆ ಇನ್ನೊಂದು ಕೀಲಿ ತರ್ರಿ" ಎಂದೆ. ನನ್ನ ದಾಸ್ತಾನಿನಲ್ಲಿ ಇದಕ್ಕಿಂತ ಒಳ್ಳೆಯ ಶಬ್ದವಿರಲಿಲ್ಲ.

ಅವರು ಕೀಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಮಾಣಿಕರಾವ್ ಒಲ್ಲೆ ಅಂದ್ರ?"

"ಒಳಗ ಕರ್ಕೊಂಡು ಹೋಗಿ ಬಾಗಲಾ ಮುಚ್ರಿ."

"ಆಮ್ಯಾಲ ಏನನ್ಬೇಕ್ರಿ?"

ಅದನ್ನು ಅವ್ರಿಬ್ರು ನನಗೂ ಹೇಳಿರಲಿಲ್ಲ.