ಹದಿನೈದು ಮೀಟರ್ ವೈರು

ನಮ್ಮ ದೊಡ್ಡಪ್ಪ ಮನೆ ನಕ್ಷೆ ಬರೆಯುವವರು. ಅವರ ಕೈಯಲ್ಲಿ ಬೇಡದ ಗೆರೆ ಒಂದೂ ಉಳಿಯುವುದಿಲ್ಲ. ಆರು ವರ್ಷದ ಹಿಂದೆ ಅವರೂ ನಮ್ಮಪ್ಪನೂ ಮನೆ ಪಾಲು ಮಾಡಿಕೊಂಡಾಗ ನಡುಗೋಡೆಯ ನಕ್ಷೆ ಬರೆದದ್ದೂ ಅವರೇ. ಒಂದು ಕಿಂಡಿಯೂ ಇಲ್ಲದ ಗೋಡೆ. ಮೆಟ್ಟಿಲು ನಮ್ಮ ಪಾಲಿಗೆ ಬಂತು, ಮಹಡಿ ಅವರ ಪಾಲಿಗೆ ಹೋಯಿತು. ಅವರು ಹೊರಗಡೆಯಿಂದ ಕಬ್ಬಿಣದ ಮೆಟ್ಟಿಲು ಹಾಕಿಸಿಕೊಂಡರು. ಅವತ್ತಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಟಪಾಲು ಹೊರಲು ನಾನಿದ್ದೆನಲ್ಲ. "ಟ್ಯಾಂಕ್ ತುಂಬಿ ಹರೀತಿದೆ ಅಂತ ನಿಮ್ಮಪ್ಪನಿಗೆ ಹೇಳು" ಎಂದು ದೊಡ್ಡಪ್ಪ ಮೇಲಿಂದ ಕೂಗುತ್ತಿದ್ದರು. ಅಪ್ಪ ಅಲ್ಲೇ ನಿಂತು ಕೇಳಿಸಿಕೊಂಡಿರುತ್ತಿದ್ದರು. ಆದರೂ ನಾನು ಹೇಳುವವರೆಗೆ ಮೋಟಾರ್ ಆಫ್ ಮಾಡುತ್ತಿರಲಿಲ್ಲ.

ದೊಡ್ಡಪ್ಪನ ಕಂಪ್ಯೂಟರನ್ನು ನಡೆಸುವುದು ಲಿನಕ್ಸ್, ಯಾವ ಕಂಪನಿಗೂ ಸೇರದ, ದುಡ್ಡು ಕೊಡಬೇಕಿಲ್ಲದ ತಂತ್ರಾಂಶ. ಯಾಕೆಂದು ಕೇಳಿದರೆ "ಯಾರ ಹಂಗೂ ಬೇಡ ನನಗೆ" ಎನ್ನುತ್ತಾರೆ. ಇಂಟರ್ನೆಟ್ ಮಾತ್ರ ನಮ್ಮದು. ಪಾಸ್‌ವರ್ಡನ್ನು ಅಮ್ಮ ಗುಟ್ಟಾಗಿ ಕೊಟ್ಟಿದ್ದಳು. ವೈರ್‌ಲೆಸ್ ಆದ್ದರಿಂದ ಗೋಡೆ ದಾಟಿ ಹೋಗುತ್ತದೆ, ಯಾರನ್ನೂ ಮಾತಾಡಿಸಬೇಕಾಗಿಲ್ಲ.

ಒಂದು ಶನಿವಾರ ಮಧ್ಯಾಹ್ನ ಜಾಗ ಸಾಲದೆಂದು ಅವರು ಡಿಸ್ಕ್ ಚೊಕ್ಕಟ ಮಾಡಲು ಕೂತರು. ಫರ್ಮ್‌ವೇರ್ ಎಂಬುದೇನೋ ಕಣ್ಣಿಗೆ ಬಿತ್ತು. ತಾವು ಹಾಕಿದ್ದಲ್ಲ, ಆದ್ದರಿಂದ ಬೇಡದ ಗೆರೆ. ಅಳಿಸಿದರು. ಮತ್ತೆ ಆನ್ ಮಾಡಿದಾಗ ವೈರ್‌ಲೆಸ್ ಕಾರ್ಡಿಗೆ ಜೀವವೇ ಇರಲಿಲ್ಲ. ಆ ಕಾರ್ಡನ್ನು ಎಬ್ಬಿಸಿ ಕೆಲಸ ಹೇಳುವುದೇ ಫರ್ಮ್‌ವೇರ್.

ನಾನು ಹೋಗುವಷ್ಟರಲ್ಲಿ ಅವರು ಕಾರ್ಡ್ ಬಿಚ್ಚಿ, ಒರೆಸಿ, ಮತ್ತೆ ಸ್ಕ್ರೂ ಬಿಗಿದಿದ್ದರು. ಏಳು ಸಲ ಆಫ್ ಮಾಡಿ ಆನ್ ಮಾಡಿದ್ದರು. ಎಂಟನೇ ಸಲ ಪರದೆಯ ಮೇಲಿದ್ದ ಸಾಲನ್ನು ಓದಿದರು. ಫರ್ಮ್‌ವೇರ್ ಸಿಗುತ್ತಿಲ್ಲ ಎಂದಿತ್ತು. ಅದನ್ನು ತರಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಅದು ಬೇಕು. ಐದು ಗಂಟೆಯೊಳಗೆ ಇಂಜಿನಿಯರಿಗೆ ನಕ್ಷೆ ಕಳಿಸದಿದ್ದರೆ ಕೆಲಸ ಬೇರೆಯವರ ಪಾಲು. ಆಗಲೇ ನಾಲ್ಕಾಗಿತ್ತು.

"ನಿನ್ನ ಹತ್ರ ಪೆನ್ ಡ್ರೈವ್ ಇದೆಯೇನಮ್ಮ?"

"ಇಲ್ಲ ದೊಡ್ಡಪ್ಪ."

ಇತ್ತು. ಬ್ಯಾಗಿನಲ್ಲೇ ಇತ್ತು. ನನ್ನ ಫೋನಿನಿಂದಲೇ ನೆಟ್ ಕೊಡಬಹುದಿತ್ತು, ಅದನ್ನೂ ಹೇಳಲಿಲ್ಲ. ಆರು ವರ್ಷ ಇವರಿಬ್ಬರ ಮಾತು ಹೊತ್ತು ನನಗೆ ರೋಸಿಹೋಗಿತ್ತು.

"ವೈರು ಹಾಕಿದ್ರೆ ಕಾರ್ಡೇ ಬೇಕಾಗಲ್ಲ," ಎಂದೆ. "ರೂಟರ್ ಅಪ್ಪನ ಕುರ್ಚಿ ಪಕ್ಕದಲ್ಲಿದೆ."

"ಹಾಗಾದ್ರೆ ನಿಮ್ಮಪ್ಪನ್ನ ಕೇಳು."

"ನಾನು ಕೇಳಲ್ಲ."

ದೊಡ್ಡಪ್ಪ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು. ಕಬ್ಬಿಣದ ಮೆಟ್ಟಿಲು ಇರುವುದು ಹದಿನಾಲ್ಕು. ಇಳಿಯಲು ಹತ್ತು ನಿಮಿಷ ತೆಗೆದುಕೊಂಡರು.

ಅಪ್ಪ ಪೇಪರ್ ಓದುತ್ತಿದ್ದರು. ದೊಡ್ಡಪ್ಪ ಹೊಸ್ತಿಲಾಚೆ ನಿಂತು ಬಾಗಿಲಿಗೆ ಹೇಳಿದರು: "ಒಂದು ವೈರು ಬೇಕಿತ್ತು."

ಅಪ್ಪ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

"ಎಷ್ಟುದ್ದ?" ಎಂದು ಅಪ್ಪ ಪೇಪರನ್ನು ಕೇಳಿದರು.

"ಹನ್ನೆರಡು ಮೀಟರ್."

ಅಪ್ಪ ಎದ್ದು, ಸ್ಟೂಲ್ ಹತ್ತಿ, ಅಟ್ಟದಿಂದ ಒಂದು ಧೂಳು ಹಿಡಿದ ಕವರ್ ಇಳಿಸಿದರು. ಒಳಗೆ ನೆಟ್ ವೈರಿನ ಸುರುಳಿ. ಎರಡೂ ತುದಿಗೆ ಕನೆಕ್ಟರ್ ಕೂರಿಸಿತ್ತು. ಅಂಗಡಿಯವರು ಸುತ್ತಿದ ಟೇಪ್ ಇನ್ನೂ ಬಿಚ್ಚಿರಲಿಲ್ಲ.

"ಗೋಡೆ ಕಟ್ಟಿದ ವಾರಾನೇ ತಂದಿಟ್ಟಿದ್ದೆ, ಅಣ್ಣ," ಎಂದರು ಅಪ್ಪ. "ಕೇಳ್ತೀಯ ಅಂದ್ಕೊಂಡಿದ್ದೆ."

ದೊಡ್ಡಪ್ಪ ಸುರುಳಿಯ ಮೇಲಿನ ಚೀಟಿಯನ್ನು ಬಹಳ ಹೊತ್ತು ಓದಿದರು. "ಹದಿನೈದು ಮೀಟರ್ ಯಾಕೋ ತಂದೆ? ಹನ್ನೆರಡು ಸಾಕಿತ್ತು," ಎಂದರು. ನನಗೆ ಅಳು ಬಂತು. ಇಬ್ಬರೂ ಟೇಪ್ ಕೀಳುವುದರಲ್ಲಿದ್ದರು, ಯಾರೂ ನೋಡಲಿಲ್ಲ.

ವೈರು ನಮ್ಮ ಕಿಟಕಿಯಿಂದ ಅವರ ಕಿಟಕಿಗೆ ಹೋಯಿತು. ಫರ್ಮ್‌ವೇರ್ ಎರಡು ನಿಮಿಷದಲ್ಲಿ ಬಂತು, ಕಾರ್ಡ್ ಎದ್ದು ಕೂತಿತು. ನಕ್ಷೆ ಐದಕ್ಕೆ ಹತ್ತು ನಿಮಿಷವಿದ್ದಾಗ ಹೊರಟಿತು.

ಇದಾಗಿ ಮೂರು ತಿಂಗಳಾಯಿತು. ದೊಡ್ಡಪ್ಪ ದಿನಾ ಸಂಜೆ ವೈರು ನೋಡುವ ನೆಪದಲ್ಲಿ ಬಂದು ಅಪ್ಪನ ಎದುರು ಕೂರುತ್ತಾರೆ. "ಕಾರ್ಡ್ ಇನ್ನೂ ಸರಿಹೋಗಿಲ್ಲ ಕಣೋ," ಎನ್ನುತ್ತಾರೆ. ಅವರ ಕಂಪ್ಯೂಟರ್ ವೈರ್‌ಲೆಸ್ಸಿನಲ್ಲೇ ಓಡುತ್ತಿರುವುದು ಅಪ್ಪನ ಫೋನಿನಲ್ಲಿರುವ ರೂಟರ್ ಆ್ಯಪಿನಲ್ಲಿ ಕಾಣುತ್ತದೆ. ಅಪ್ಪ ಅದನ್ನು ನೋಡಿ, ಫೋನನ್ನು ಮಗುಚಿಟ್ಟು ಹೇಳುತ್ತಾರೆ: "ನಿಧಾನಕ್ಕೆ ನೋಡ್ಕೋ ಅಣ್ಣ, ಅವಸರ ಏನಿದೆ?"

ವೈರಿನಿಂದಾಗಿ ಕಿಟಕಿ ಮುಚ್ಚಲಾಗುವುದಿಲ್ಲ, ಮನೆ ತುಂಬ ಸೊಳ್ಳೆ. ಯಾರೂ ಚಕಾರ ಎತ್ತುವುದಿಲ್ಲ.